‘ದೇವರು ಬೇಗ ಕರ್ಕೊಂಡ್ರೆ ಸಾಕು’ ಅನ್ನುವ ಅಪ್ಪನನ್ನು ಏನಂತ ಕೇಳಲಿ?

ಪ್ರಶ್ನೆ: ನಮ್ಮ ಅಪ್ಪನಿಗೆ 76 ವರ್ಷ. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ತೀರ್ಥಹಳ್ಳಿ ಹತ್ತಿರದ ಹಳ್ಳಿಯಲ್ಲಿ ಹಳೇ ಮನೆ, ಸ್ವಲ್ಪ ಅಡಿಕೆ ತೋಟ ಇದೆ. ಅಮ್ಮ ತೀರಿಕೊಂಡು ಒಂಬತ್ತು ತಿಂಗಳಾಯಿತು. ಅಲ್ಲಿಂದ ಒಬ್ಬರೇ ಇದ್ದಾರೆ. ನಾನು ಬೆಂಗಳೂರಿನಲ್ಲಿ, ಅಣ್ಣ ದುಬೈಯಲ್ಲಿ. ಫೋನ್ ಮಾಡಿದಾಗಲೆಲ್ಲ ‘ಸಾಕಾಯ್ತು ಪುಟ್ಟಿ, ದೇವರು ಬೇಗ ಕರ್ಕೊಂಡ್ರೆ ಸಾಕು’ ಅಂತಾರೆ. ಗ್ಯಾಸು, ಎದೆಯುರಿ, ನಿದ್ದೆ ಇಲ್ಲ ಅಂತ ಡಾಕ್ಟರ ಹತ್ತಿರ ಹೋಗಿ ಬಂದರು. ಎಲ್ಲ ನಾರ್ಮಲ್ ಅಂದರಂತೆ. ಪೇಪರ್ ಓದುವುದನ್ನೂ ಬಿಟ್ಟಿದ್ದಾರೆ. ಹೋದ ಸಲ ಊರಿಗೆ ಹೋದಾಗ ಪಾಸ್‌ಬುಕ್, ಪಹಣಿ, ಅಮ್ಮನ ಒಡವೆ ಎಲ್ಲ ಒಂದು ಬಟ್ಟೆ ಚೀಲಕ್ಕೆ ಹಾಕಿ ನನ್ನ ಕೈಗೆ ಕೊಟ್ಟರು. ಅಣ್ಣ ‘ವಯಸ್ಸಾದವರೆಲ್ಲ ಹೀಗೇ ಮಾತಾಡೋದು, ತಲೆ ಕೆಡಿಸ್ಕೋಬೇಡ’ ಅಂತಾನೆ. ಅಪ್ಪ ಏನಾದರೂ ಮಾಡಿಕೊಂಡರೆ ಅಂತ ನನಗೆ ಭಯ. ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ನಾನೇ ತಲೆಗೆ ಹಾಕಿದ ಹಾಗಾಗುತ್ತಾ? ಬೆಂಗಳೂರಿಗೆ ಕರೆದುಕೊಂಡು ಬಂದುಬಿಡಲಾ?

ಉತ್ತರ: ನಿಮ್ಮ ಭಯಕ್ಕೆ ಕಾರಣ ಇದೆ. ಅಣ್ಣನ ಮಾತು ಕೇಳಿ ಸುಮ್ಮನಾಗಬೇಡಿ. ಮೊದಲು ಈ ವಾರವೇ ಆಗಬೇಕಾದ್ದನ್ನು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ.

ರಜೆ ಹಾಕಿ ಊರಿಗೆ ಹೋಗಿ. ವಾರದ ಕೊನೆಗೆ ನೋಡೋಣ ಅಂತ ಕಾಯಬೇಡಿ. ನೀವು ತಲುಪುವವರೆಗೆ ರಾತ್ರಿ ಮನೆಯಲ್ಲಿ ಮಲಗಲು ಯಾರನ್ನಾದರೂ ಕಳಿಸಿ. ಚಿಕ್ಕಪ್ಪನ ಮಗನಾಗಲಿ, ಪಕ್ಕದ ಮನೆಯವರಾಗಲಿ, ಅಪ್ಪನಿಗೆ ಹೊಂದುವವರು ಯಾರಾದರೂ ಆದೀತು. ‘ಅಪ್ಪನಿಗೆ ಹುಷಾರಿಲ್ಲ, ಒಬ್ಬರೇ ಇರೋದು ಬೇಡ’ ಅಂದರೆ ಸಾಕು, ಊರವರಿಗೆ ಎಲ್ಲ ಬಿಡಿಸಿ ಹೇಳಬೇಕಾಗಿಲ್ಲ. ಇವತ್ತೇ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ಗೆ, ಅಂದರೆ 14416ಕ್ಕೆ, ನೀವೇ ಒಮ್ಮೆ ಫೋನ್ ಮಾಡಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಈ ಸೇವೆ ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ತೊಂದರೆಯಲ್ಲಿರುವವರೇ ಫೋನ್ ಮಾಡಬೇಕು ಅಂತೇನಿಲ್ಲ, ಮನೆಯವರೂ ಮಾಡಬಹುದು. ಅಪ್ಪ ಫೋನಿನಲ್ಲಿ ವಿದಾಯ ಹೇಳುವ ಹಾಗೆ ಮಾತಾಡಿದರೆ, ಅಥವಾ ಫೋನ್ ಎತ್ತದೆ ಬಾಗಿಲೂ ತೆಗೆಯದೆ ಇದ್ದರೆ, ಪಕ್ಕದವರನ್ನು ಓಡಿಸಿ, 112ಕ್ಕೆ ಫೋನ್ ಮಾಡಿ. ಆಂಬುಲೆನ್ಸ್‌ಗೆ 108.

ಈಗ ಅಣ್ಣನ ಮಾತಿಗೆ ಬರೋಣ. ‘ವಯಸ್ಸಾದವರೆಲ್ಲ ಹೀಗೇ ಮಾತಾಡೋದು.’ ಇದರಲ್ಲಿ ಅರ್ಧ ನಿಜ ಇದೆ. ನಮ್ಮ ಕಡೆ ಎಪ್ಪತ್ತು ದಾಟಿದವರು ಸಾವಿನ ಮಾತನ್ನು ಮಳೆಯ ಮಾತಿನಷ್ಟೇ ಸಲೀಸಾಗಿ ಆಡುತ್ತಾರೆ. ಹಾಗಾಗಿ ನಾನು ಆ ಮಾತನ್ನಷ್ಟೇ ಹಿಡಿದುಕೊಂಡು ಕೂರುವುದಿಲ್ಲ. ಅದರ ಹಿಂದೆಯೇ ಇನ್ನೊಂದು ಮಾತು ಬರುತ್ತದಾ ಅಂತ ನೋಡುತ್ತೇನೆ. ‘ಇನ್ನೇನು ನಮ್ಮದು ಮುಗೀತು’ ಅಂದ ಅಜ್ಜಿ ಅದೇ ಉಸಿರಿನಲ್ಲಿ ‘ಈ ಸಲ ಮಿಡಿ ಉಪ್ಪಿನಕಾಯಿಗೆ ಉಪ್ಪು ಜಾಸ್ತಿ ಆಯ್ತು’ ಅಂದರೆ ಆಕೆ ಬದುಕಿನಲ್ಲಿ ಗಟ್ಟಿಯಾಗಿ ಕೂತಿದ್ದಾಳೆ. ಸಾವಿಗೆ ಹೆದರುತ್ತಿಲ್ಲ, ಅಷ್ಟೇ. ‘ಸಾಕಾಯ್ತು’ ಅಂದ ಮೇಲೆ ಮುಂದಕ್ಕೆ ಮಾತೇ ಇಲ್ಲದಿದ್ದರೆ, ಅಡಿಕೆ ರೇಟು ಕೇಳುವುದೂ ನಿಂತಿದ್ದರೆ, ಮೊಮ್ಮಗಳ ಪರೀಕ್ಷೆ ಯಾವಾಗ ಅಂತ ಕೇಳದಿದ್ದರೆ, ಅದು ಬೇರೆ. ಅದು ಸಾವನ್ನು ಒಪ್ಪಿಕೊಂಡ ಮನಸ್ಸಲ್ಲ, ಬದುಕಿನ ರುಚಿ ಕಳೆದುಕೊಂಡ ಮನಸ್ಸು. ನಿಮ್ಮ ಅಪ್ಪ ಪೇಪರ್ ಬಿಟ್ಟಿದ್ದಾರೆ ಅಂತ ಬರೆದಿದ್ದೀರಿ. ಮೇಷ್ಟ್ರಾಗಿದ್ದವರು ಬೆಳಗಿನ ಪೇಪರ್ ಬಿಡುವುದನ್ನು ನಾನು ಸಣ್ಣ ವಿಷಯ ಅಂದುಕೊಳ್ಳುವುದಿಲ್ಲ.

ಅದಕ್ಕೂ ಮೇಲೆ ಆ ಚೀಲ. ಎಲ್ಲ ಕಾಗದ ಮಕ್ಕಳ ಕೈಗೆ ಕೊಡುವ ಹಿರಿಯರೆಲ್ಲ ಅಪಾಯದಲ್ಲಿದ್ದಾರೆ ಅಂತಲ್ಲ. ಎಷ್ಟೋ ಜನ ಬುದ್ಧಿವಂತಿಕೆಯಿಂದ, ನೆಮ್ಮದಿಯಿಂದಲೇ ಉಯಿಲು ಬರೆದಿಡುತ್ತಾರೆ. ಆದರೆ ಹೆಂಡತಿ ಹೋದ ಮೊದಲ ವರ್ಷ, ಗಂಡಸು, ಒಬ್ಬರೇ ವಾಸ, ನಿದ್ದೆಯಿಲ್ಲ, ಗ್ಯಾಸು ಎದೆಯುರಿ ಅಂತ ಡಾಕ್ಟರ ಹತ್ತಿರ ಓಡಾಟ, ಇದರ ಮೇಲೆ ದಿಢೀರನೆ ಎಲ್ಲ ವಹಿಸಿಕೊಡುವುದು. ಇಷ್ಟೂ ಒಟ್ಟಿಗೆ ಬಂದಾಗ ನಾವು ಕಾದು ನೋಡುವುದಿಲ್ಲ. ಅದಕ್ಕೆ ಇನ್ನೊಂದು ಕಾರಣವೂ ಇದೆ. ಚಿಕ್ಕ ವಯಸ್ಸಿನವರಿಗೆ ಹೋಲಿಸಿದರೆ ಹಿರಿಯರಲ್ಲಿ ಆತ್ಮಹತ್ಯೆಯ ಪ್ರಯತ್ನಗಳು ಕಮ್ಮಿ, ಆದರೆ ಅದರಲ್ಲಿ ಜೀವ ಹೋಗುವುದು ಜಾಸ್ತಿ. ದೇಹ ತಡೆಯುವುದಿಲ್ಲ, ಹತ್ತಿರ ಯಾರೂ ಇರುವುದಿಲ್ಲ, ಮುಂಚೆ ಬಾಯಿಬಿಟ್ಟು ಹೇಳುವುದೂ ಕಮ್ಮಿ. ಎರಡನೇ ಅವಕಾಶ ಸಿಗುತ್ತದೆ ಅಂತ ನಂಬಿಕೊಂಡು ಕೂರಲು ಆಗುವುದಿಲ್ಲ. ಹಾಗಾಗಿ ಹಿರಿಯರ ವಿಷಯದಲ್ಲಿ ಸಣ್ಣ ಸುಳಿವನ್ನೇ ದೊಡ್ಡದು ಅಂತ ಹಿಡಿಯಬೇಕು.

‘ಎಲ್ಲ ನಾರ್ಮಲ್’ ಅಂದರಲ್ಲ, ಅದರ ಬಗ್ಗೆ. ಇಸಿಜಿ ನಾರ್ಮಲ್ ಇರಬಹುದು, ಎಂಡೋಸ್ಕೋಪಿ ನಾರ್ಮಲ್ ಇರಬಹುದು. ಖಿನ್ನತೆ ಅದರಲ್ಲಿ ಕಾಣುವುದಿಲ್ಲ. ನಮ್ಮ ಒಪಿಡಿಗೆ ಬರುವ ಹಿರಿಯರಲ್ಲಿ ‘ಮನಸ್ಸಿಗೆ ಬೇಜಾರು’ ಅಂತ ಶುರು ಮಾಡುವವರು ಕಮ್ಮಿ. ಹೊಟ್ಟೆ ಉಬ್ಬರ, ಎದೆ ಡವಡವ, ತಲೆ ಭಾರ, ಕಾಲು ಸೆಳೆತ, ಬಾಯಿ ರುಚಿ ಇಲ್ಲ, ಬೆಳಗಿನ ಜಾವ ಮೂರಕ್ಕೆ ಎಚ್ಚರ. ಹೀಗೆ ಮೈಯ ಮಾತಿನಲ್ಲೇ ಹೇಳುತ್ತಾರೆ. ಡಾಕ್ಟರು ಗ್ಯಾಸಿಗೊಂದು ಮಾತ್ರೆ, ನಿದ್ದೆಗೊಂದು ಮಾತ್ರೆ ಬರೆದು ಕಳಿಸುತ್ತಾರೆ. 2017–18ರಲ್ಲಿ ದೇಶದ ಉದ್ದಗಲಕ್ಕೂ ಹಿರಿಯರ ಆರೋಗ್ಯದ ದೊಡ್ಡ ಸಮೀಕ್ಷೆಯೊಂದು ನಡೆಯಿತು, ಲಾಸಿ ಅಂತ ಅದರ ಹೆಸರು. ಕ್ರಮವಾಗಿ ಪ್ರಶ್ನೆ ಕೇಳಿ ನೋಡಿದಾಗ 60 ದಾಟಿದವರಲ್ಲಿ ಶೇ 8.3ರಷ್ಟು ಜನರಲ್ಲಿ ತೀವ್ರ ಖಿನ್ನತೆಯ ಲಕ್ಷಣ ಕಂಡಿತು. ಆದರೆ ಖಿನ್ನತೆ ಇದೆ ಅಂತ ಡಾಕ್ಟರು ಗುರುತಿಸಿದ್ದು ಶೇ 0.8ರಷ್ಟು ಜನರಲ್ಲಿ ಮಾತ್ರ. ಹತ್ತರಲ್ಲಿ ಒಂಬತ್ತು ಜನರಿಗೆ ತಮಗೆ ಇರುವುದು ವಾಸಿಯಾಗುವ ಕಾಯಿಲೆ ಅಂತ ಯಾರೂ ಹೇಳಿಯೇ ಇಲ್ಲ. ವಯಸ್ಸಾಯಿತು ಅಂತ ಮನೆಯವರೂ ಅಂದರು, ತಾವೂ ಅಂದುಕೊಂಡರು. ನನಗೆ ಈ ಕೆಲಸದಲ್ಲಿ ಅತಿ ಹೆಚ್ಚು ಸಂಕಟ ಕೊಡುವ ಸಂಗತಿ ಇದು. ಮಂಡಿ ನೋವು ಬಂದರೆ ವಯಸ್ಸು ಅಂತ ಬಿಡುವುದಿಲ್ಲ, ಎಕ್ಸ್‌ರೇ ತೆಗೆಸುತ್ತೇವೆ. ಬದುಕೇ ಬೇಡ ಅಂದರೆ ವಯಸ್ಸು ಅಂತ ಬಿಡುತ್ತೇವೆ.

ನಿಮ್ಮ ಮುಖ್ಯ ಪ್ರಶ್ನೆಗೆ ಉತ್ತರ: ಕೇಳಿ. ನೇರವಾಗಿ ಕೇಳಿ. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಇದನ್ನು ಬೇರೆ ಬೇರೆ ದೇಶಗಳಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಕೇಳಿಸಿಕೊಂಡವರ ಮನಸ್ಸು ಹಗುರವಾಗುವುದೇ ಹೆಚ್ಚು. ಯೋಚನೆ ಇಲ್ಲದವರು ‘ಛೆ, ಹಾಗೇನಿಲ್ಲ ಮಾರಾಯ್ತಿ’ ಅಂತಾರೆ. ಇದ್ದವರಿಗೆ, ಇದನ್ನು ಹೇಳಿಕೊಳ್ಳಲು ಒಬ್ಬರಾದರೂ ಸಿಕ್ಕರಲ್ಲ ಅನ್ನಿಸುತ್ತದೆ.

ಹೇಗೆ ಕೇಳಬೇಕು ಅನ್ನುವುದು ಮುಖ್ಯ. ಫೋನಿನಲ್ಲಿ ಬೇಡ. ಅಣ್ಣನನ್ನು ವಿಡಿಯೊ ಕಾಲ್‌ನಲ್ಲಿ ಕೂರಿಸಿಕೊಂಡು ಅಂತೂ ಬೇಡವೇ ಬೇಡ. ಊಟವಾದ ಮೇಲೆ ಜಗಲಿಯಲ್ಲಿ ಇಬ್ಬರೇ ಇರುವಾಗ, ಕೈಗೆ ಏನಾದರೂ ಕೆಲಸ ಇಟ್ಟುಕೊಂಡು ಕೂತರೆ ಒಳ್ಳೆಯದು. ಅಡಿಕೆ ಸುಲಿಯುತ್ತಲೋ ಬಟ್ಟೆ ಮಡಿಸುತ್ತಲೋ. ಮುಖಕ್ಕೆ ಮುಖ ಕೊಟ್ಟು ಕೂತರೆ ನಮ್ಮ ಗಂಡಸರು, ಅದರಲ್ಲೂ ಮೇಷ್ಟ್ರಾಗಿದ್ದವರು, ಮಾತು ಬಿಚ್ಚುವುದು ಕಷ್ಟ.

ಚೀಲದಿಂದಲೇ ಶುರು ಮಾಡಿ. ‘ಅಪ್ಪ, ಅವತ್ತು ನೀವು ಕಾಗದ ಎಲ್ಲ ಕೊಟ್ಟಿರಲ್ಲ, ಆವಾಗಿಂದ ನಂಗೆ ನಿದ್ದೆ ಬರ್ತಿಲ್ಲ. ಯಾಕೆ ಕೊಟ್ರಿ?’ ಅನ್ನಿ. ಸುಮ್ಮನಿದ್ದರೆ ನೀವೂ ಸುಮ್ಮನಿರಿ. ಆ ಮೌನವನ್ನು ತುಂಬಲು ಹೋಗಬೇಡಿ. ಆಮೇಲೆ, ‘ಅಮ್ಮ ಹೋದ ಮೇಲೆ ಇರೋದೇ ಬೇಡ ಅನ್ನಿಸುತ್ತಾ?’ ‘ಹೌದು’ ಅಂದರೆ, ‘ಜೀವ ಕಳ್ಕೊಳ್ಳೋ ಯೋಚನೆ ಬಂದಿದೆಯಾ ಅಪ್ಪ?’ ಇಷ್ಟು ನೇರವಾಗಿ. ಸುತ್ತಿ ಬಳಸಿ ‘ಏನೂ ತಪ್ಪು ಕೆಲಸ ಮಾಡ್ಕೊಳ್ಳಲ್ಲ ತಾನೆ?’ ಅಂತ ಕೇಳಬೇಡಿ. ಆ ಪ್ರಶ್ನೆಗೆ ‘ಇಲ್ಲ’ ಅನ್ನುವುದೊಂದೇ ಉತ್ತರ ಅಂತ ಅವರಿಗೆ ಗೊತ್ತಿರುತ್ತದೆ. ಯೋಚನೆ ಬಂದಿದೆ ಅಂದರೆ ಇನ್ನೆರಡು ವಿಷಯ ತಿಳಿದುಕೊಳ್ಳಿ. ಹೇಗೆ ಅಂತ ಯೋಚಿಸಿದ್ದಾರಾ, ಯಾವಾಗ ಅಂತ ಮನಸ್ಸಿನಲ್ಲಿ ಇದೆಯಾ. ಈ ಎರಡಕ್ಕೂ ಸ್ಪಷ್ಟ ಉತ್ತರ ಬಂದರೆ ಅವತ್ತೇ ಆಸ್ಪತ್ರೆಗೆ ಹೊರಡಿ. ಅಲ್ಲಿಯವರೆಗೆ ಒಂದು ಗಳಿಗೆಯೂ ಒಬ್ಬರನ್ನೇ ಬಿಡಬೇಡಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಮೆಡಿಕಲ್ ಕಾಲೇಜಿನ ಆಸ್ಪತ್ರೆ, ಮನೋವೈದ್ಯರು ಅಲ್ಲಿದ್ದಾರೆ.

ಅಪ್ಪ ‘ಹೌದು’ ಅಂದ ಕ್ಷಣ ನಿಮಗೆ ಅಳು ಬರುತ್ತದೆ. ಬರಲಿ, ತಪ್ಪಿಲ್ಲ. ಒಂದು ಮಾತ್ರ ಮಾಡಬೇಡಿ. ನಮ್ಮ ಮನೆಗಳಲ್ಲಿ ಇಂಥ ಹೊತ್ತಿನಲ್ಲಿ ತಕ್ಷಣ ಆಣೆ ಹಾಕಿಸುತ್ತಾರೆ. ‘ನನ್ನ ತಲೆ ಮುಟ್ಟಿ ಹೇಳಿ, ಹಾಗೆ ಮಾಡ್ಕೊಳ್ಳಲ್ಲ ಅಂತ.’ ಆಣೆ ಹಾಕಿದವರಿಗೆ ಯೋಚನೆ ಹೋಗುವುದಿಲ್ಲ, ಅದನ್ನು ಮತ್ತೊಮ್ಮೆ ನಿಮ್ಮ ಹತ್ತಿರ ಹೇಳುವ ದಾರಿ ಮುಚ್ಚಿಹೋಗುತ್ತದೆ. ಮುಂದಿನ ಸಲ ಮನಸ್ಸು ಕುಸಿದಾಗ, ಮಗಳ ತಲೆ ಮುಟ್ಟಿ ಆಣೆ ಮಾಡಿದ್ದೆನಲ್ಲ ಅಂತ ಒಳಗೇ ಇಟ್ಟುಕೊಳ್ಳುತ್ತಾರೆ. ‘ನಮ್ಮ ಮರ್ಯಾದೆ ಏನಾಗುತ್ತೆ’, ‘ಅದು ಪಾಪ’, ‘ನಿಮಗೇನು ಕಮ್ಮಿ ಮಾಡಿದ್ದೀವಿ’ ಇವೂ ಬೇಡ. ಆಣೆಯ ಬದಲು ಹೀಗೆ ಹೇಳಿ: ‘ಹೇಳಿದ್ದು ಒಳ್ಳೇದಾಯ್ತು ಅಪ್ಪ. ಈ ಯೋಚನೆ ಮತ್ತೆ ಬಂದಾಗ ರಾತ್ರಿ ಎರಡು ಗಂಟೆ ಆದರೂ ನಂಗೆ ಫೋನ್ ಮಾಡಿ. ನಾವಿಬ್ಬರೂ ಸೇರಿ ಡಾಕ್ಟರ ಹತ್ತಿರ ಹೋಗೋಣ.’

ಪೊಲೀಸ್ ಭಯದಿಂದ ಎಷ್ಟೋ ಮನೆಯವರು ಈ ವಿಷಯವನ್ನು ಡಾಕ್ಟರ ಹತ್ತಿರವೂ ಮುಚ್ಚಿಡುತ್ತಾರೆ. ಹಾಗಾಗಿ ಕಾನೂನಿನ ಬಗ್ಗೆ ಒಂದು ಮಾತು. ಯೋಚನೆ ಬರುವುದು ಯಾವತ್ತೂ ಅಪರಾಧವಾಗಿರಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಆತ್ಮಹತ್ಯೆಗೆ ಪ್ರಯತ್ನಿಸಿದ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷೆ ಕೊಡುವಂತಿಲ್ಲ. ಅವರಿಗೆ ಚಿಕಿತ್ಸೆ, ಆರೈಕೆ ಕೊಡುವುದು ಸರ್ಕಾರದ ಹೊಣೆ. ಈ ಕಾಯ್ದೆ 2018ರ ಮೇ ತಿಂಗಳಿಂದ ಜಾರಿಯಲ್ಲಿದೆ. ಆತ್ಮಹತ್ಯೆಯ ಪ್ರಯತ್ನವನ್ನು ಅಪರಾಧ ಅನ್ನುತ್ತಿದ್ದ ಹಳೇ ಐಪಿಸಿಯ 309ನೇ ಸೆಕ್ಷನ್ನಿನಂಥದ್ದು 2024ರ ಜುಲೈಯಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಯಾರ ಮನೆಯಲ್ಲಾದರೂ ಅನಾಹುತ ನಡೆದಿದ್ದರೆ ಕೇಸಿನ ಭಯಕ್ಕೆ ಆಸ್ಪತ್ರೆ ತಡ ಮಾಡಬೇಡಿ.

ಊರಿಗೆ ಹೋದ ದಿನವೇ ಇನ್ನೊಂದು ಕೆಲಸ ಮಾಡಿ. ತೋಟಕ್ಕೆ ಹೊಡೆಯುವ ಔಷಧಿಗಳನ್ನೆಲ್ಲ ಮನೆಯಿಂದ, ಕೊಟ್ಟಿಗೆಯಿಂದ ತೆಗೆಸಿ. ಬೇರೆಯವರ ಜವಾಬ್ದಾರಿಯಲ್ಲಿ, ಬೀಗದೊಳಗೆ ಇರಲಿ. ಅಮ್ಮನ ಹಳೇ ಮಾತ್ರೆಗಳ ಡಬ್ಬ ಇನ್ನೂ ಇದ್ದರೆ ತೆಗೆದುಬಿಡಿ. ಅಪ್ಪನ ಮಾತ್ರೆಯನ್ನು ವಾರಕ್ಕೆ ಬೇಕಾದಷ್ಟೇ ಮನೆಯಲ್ಲಿಡಿ. ಮನಸ್ಸು ಮಾಡಿದವರು ಹೇಗಾದರೂ ಮಾಡಿಕೊಳ್ಳುತ್ತಾರೆ ಅಂತ ಜನ ಹೇಳುತ್ತಾರೆ. ಅದು ನಿಜವಲ್ಲ. ಆ ತೀವ್ರ ಗಳಿಗೆ ಹೆಚ್ಚಾಗಿ ಬಂದು ಹೋಗುವಂಥದ್ದು. ಆ ಹೊತ್ತಿನಲ್ಲಿ ಅಪಾಯದ ವಸ್ತು ಕೈಗೆ ಸಿಗದಿದ್ದರೆ ಬಹಳ ಜೀವ ಉಳಿಯುತ್ತದೆ. ಶ್ರೀಲಂಕಾದಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು ಹಂತ ಹಂತವಾಗಿ ನಿಷೇಧಿಸಿದ ಮೇಲೆ ಇಡೀ ದೇಶದ ಆತ್ಮಹತ್ಯೆಯ ಪ್ರಮಾಣವೇ ಅರ್ಧಕ್ಕಿಂತ ಕೆಳಗಿಳಿಯಿತು.

ಇನ್ನು ಚಿಕಿತ್ಸೆ. ಅಪ್ಪ ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ, ಆಯುರ್ವೇದದ್ದು, ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ತಂದದ್ದು ಸೇರಿ, ಡಾಕ್ಟರ ಮುಂದೆ ಸುರಿಯಿರಿ. ಥೈರಾಯ್ಡ್, ಬಿ12, ಹಿಮೋಗ್ಲೋಬಿನ್, ಸಕ್ಕರೆ, ಸೋಡಿಯಂ ನೋಡಿಸಿ. ಇವುಗಳಲ್ಲಿ ಏರುಪೇರಾದರೂ ಮನಸ್ಸು ಕುಗ್ಗುತ್ತದೆ. ಕಿವಿ ಕೇಳುತ್ತದಾ, ಕಣ್ಣಿಗೆ ಪೊರೆ ಬಂದಿದೆಯಾ ಅಂತಲೂ ನೋಡಿಸಿ. ಪೇಪರ್ ಬಿಟ್ಟದ್ದಕ್ಕೆ ಪೊರೆಯೂ ಒಂದು ಕಾರಣ ಇರಬಹುದು. ಮರೆವು ಜಾಸ್ತಿ ಆಗಿದ್ದರೆ ಅದನ್ನು ಬೇರೆಯಾಗಿ ಹೇಳಿ. ಖಿನ್ನತೆಯ ಮರೆವು ಎಷ್ಟೋ ಸಲ ಮರೆಗುಳಿ ಕಾಯಿಲೆಯ ಹಾಗೇ ಕಾಣುತ್ತದೆ.

ಮನೋವೈದ್ಯರು ಖಿನ್ನತೆಗೆ ಮಾತ್ರೆ ಬರೆದರೆ ಹೆದರಬೇಡಿ. ‘ಅಭ್ಯಾಸ ಆಗಿಬಿಡುತ್ತೆ’ ಅನ್ನುವ ಭಯ ಇರಬೇಕಾದ್ದು ಕೆಲವು ನಿದ್ದೆ ಮಾತ್ರೆಗಳ ಬಗ್ಗೆ. ವಯಸ್ಸಾದವರು ಬಿದ್ದು ಸೊಂಟ ಮುರಿದುಕೊಳ್ಳುವುದರ ಹಿಂದೆ ಎಷ್ಟೋ ಸಲ ಅವೇ ಇರುತ್ತವೆ. ಖಿನ್ನತೆಯ ಮಾತ್ರೆ ಆ ಗುಂಪಿನದ್ದಲ್ಲ. ಆದರೆ ಅದು ನಿಧಾನ. ಮೊದಲ ಬದಲಾವಣೆ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಹಿರಿಯರಲ್ಲಿ ಪೂರ್ತಿ ಗುಣ ಕಾಣಲು ಎರಡು ಮೂರು ತಿಂಗಳೇ ಆಗಬಹುದು. ಎಂಟು ದಿನ ತಗೊಂಡು ‘ಏನೂ ಆಗಲಿಲ್ಲ’ ಅಂತ ನಿಲ್ಲಿಸುವುದು, ಅಥವಾ ಚೆನ್ನಾಗಾದ ತಿಂಗಳಿಗೇ ನಿಲ್ಲಿಸುವುದು, ಎರಡೂ ತಪ್ಪು. ಶುರುವಿನ ವಾರಗಳಲ್ಲಿ ತೂರಾಟ, ಗೊಂದಲ, ವಿಪರೀತ ಸುಸ್ತು ಕಂಡರೆ ತಕ್ಷಣ ಸೋಡಿಯಂ ಪರೀಕ್ಷೆ ಮಾಡಿಸಿ. ಈ ಮಾತ್ರೆಗಳಲ್ಲಿ ಕೆಲವು ಹಿರಿಯರಲ್ಲಿ ಸೋಡಿಯಂ ಇಳಿಸುತ್ತವೆ. ಮಾತ್ರೆಯ ಜೊತೆ ಆಪ್ತ ಸಮಾಲೋಚನೆಯೂ ಬೇಕು. ‘76ರಲ್ಲಿ ಏನು ಕೌನ್ಸೆಲಿಂಗು’ ಅನ್ನಬೇಡಿ, ಈ ವಯಸ್ಸಿನಲ್ಲೂ ಅದು ಕೆಲಸ ಮಾಡುತ್ತದೆ. ಅನ್ನ ನೀರನ್ನೇ ಬಿಡುವ ಹಂತಕ್ಕೆ ಹೋದರೆ ಆಸ್ಪತ್ರೆಗೆ ಸೇರಿಸಲೇಬೇಕು. ಆಗ ಡಾಕ್ಟರು ಇಸಿಟಿ, ಅಂದರೆ ಮಿದುಳಿಗೆ ಸಣ್ಣ ಪ್ರಮಾಣದ ಕರೆಂಟ್ ಕೊಡುವ ಚಿಕಿತ್ಸೆಯ ಬಗ್ಗೆ ಮಾತೆತ್ತಬಹುದು. ಸಿನಿಮಾದಲ್ಲಿ ನೋಡಿದ್ದನ್ನು ನೆನೆದು ಬೇಡ ಅನ್ನಬೇಡಿ. ಈಗ ಅದನ್ನು ಅರಿವಳಿಕೆ ಕೊಟ್ಟು ಮಾಡುತ್ತಾರೆ, ತೀವ್ರ ಖಿನ್ನತೆಯ ಹಿರಿಯರಿಗೆ ಅದು ತುಂಬ ಚೆನ್ನಾಗಿ ಹಿಡಿಯುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಜೀವ ಉಳಿಸಿಕೊಳ್ಳುವ ಮಾತು. ಬದುಕಬೇಕು ಅಂತ ಅವರಿಗೇ ಅನ್ನಿಸುವುದು ಹೇಗೆ? ನನಗೆ ಇದೇ ಹೆಚ್ಚು ಮುಖ್ಯ.

ನಿಮ್ಮ ಅಮ್ಮ ಇದ್ದಾಗ ಫೋನ್ ಹೇಗಿರುತ್ತಿತ್ತು ನೆನಪಿಸಿಕೊಳ್ಳಿ. ಬಹಳ ಮನೆಗಳಲ್ಲಿ ಅಪ್ಪ ಎತ್ತಿದರೆ ‘ಹೂಂ, ಆರಾಮಾ? ಇರು, ಅಮ್ಮಂಗೆ ಕೊಡ್ತೀನಿ’. ಅಷ್ಟೇ. ಯಾರ ಮನೆಯಲ್ಲಿ ಮದುವೆ, ಯಾರಿಗೆ ಹುಷಾರಿಲ್ಲ, ಮೊಮ್ಮಗಳು ಏನಂದಳು, ಎಲ್ಲ ಅಮ್ಮನ ಮೂಲಕ ಅಪ್ಪನಿಗೆ ತಲುಪುತ್ತಿತ್ತು. ಅಮ್ಮ ಹೋದ ದಿನ ಅಪ್ಪ ಹೆಂಡತಿಯನ್ನಷ್ಟೇ ಕಳೆದುಕೊಳ್ಳಲಿಲ್ಲ, ಇಡೀ ಬಳಗದ ಜೊತೆಗಿದ್ದ ಬಳಕೆಯೂ ಕಡಿದುಹೋಯಿತು. ಅಡಿಗೆ ಬಾರದಿದ್ದರೆ ಊಟವೂ ಹೋಯಿತು. ಮಧ್ಯಾಹ್ನ ಕಾಫಿ ಕೊಡುವಾಗ ಆಡುತ್ತಿದ್ದ ಸಣ್ಣ ಜಗಳವೂ ಹೋಯಿತು. ಹೆಂಡತಿ ಹೋದ ಗಂಡಸರು ಮೊದಲ ವರ್ಷ ಹೀಗೆ ಕುಸಿಯುವುದಕ್ಕೆ ಇದು ದೊಡ್ಡ ಕಾರಣ. ಆದ್ದರಿಂದ ಅಪ್ಪನ ಜೊತೆ ಬೇರೆಯವರು ನೇರವಾಗಿ ಮಾತಾಡುವ ಹಾಗೆ ಮಾಡಬೇಕು. ನೀವೊಬ್ಬರೇ ಸಾಲದು.

ಇಟಲಿಯ ವೆನೆಟೊ ಪ್ರಾಂತ್ಯದಲ್ಲಿ ಪಾದುವಾದ ಮನೋವೈದ್ಯರ ತಂಡವೊಂದು ಇಂಥದ್ದೇ ಒಂದು ಸೇವೆಯನ್ನು 1988ರಿಂದ 1998ರವರೆಗೆ ಗಮನಿಸಿತು. ಮನೆಯಲ್ಲೇ ಇರುವ ಹಿರಿಯರಿಗೆ ವಾರಕ್ಕೆ ಸುಮಾರು ಎರಡು ಸಲ ಫೋನ್ ಮಾಡಿ ಮಾತಾಡಿಸುವುದು, ಜೊತೆಗೆ ತುರ್ತಿಗೆ ಒತ್ತಲು ಒಂದು ಗುಂಡಿ. ಅಷ್ಟೇ. 18,641 ಹಿರಿಯರು ಆ ಸೇವೆಯಲ್ಲಿದ್ದರು. ಆ ಪ್ರಾಂತ್ಯದ ಲೆಕ್ಕದ ಪ್ರಕಾರ ಅಷ್ಟು ಜನರಲ್ಲಿ ಸುಮಾರು 21 ಆತ್ಮಹತ್ಯೆಗಳು ಆಗಬಹುದಿತ್ತು. ಆದದ್ದು 6. ಒಂದು ವಿಷಯ ಗಮನಿಸಿ, ಲಾಭ ಸ್ಪಷ್ಟವಾಗಿ ಕಂಡದ್ದು ಹೆಂಗಸರಲ್ಲಿ. ಗಂಡಸರಿಗೆ ಫೋನಿನ ಮಾತು ಅಷ್ಟಾಗಿ ಹಿಡಿಯಲಿಲ್ಲ. ನಾನು ನೋಡಿರುವ ಮಟ್ಟಿಗೆ ನಮ್ಮಲ್ಲೂ ಹಾಗೇ. ಗಂಡಸರಿಗೆ ‘ಹೇಗಿದ್ದೀರಿ’ ಅನ್ನುವ ಫೋನಿಗಿಂತ ‘ಇದೊಂದು ಕೆಲಸ ನಿಮ್ಮಿಂದ ಆಗಬೇಕು’ ಅನ್ನುವ ಫೋನು ಹೆಚ್ಚು ಮುಟ್ಟುತ್ತದೆ.

ಮಕ್ಕಳು ಪ್ರೀತಿಯಿಂದಲೇ ‘ನೀವೇನೂ ಮಾಡಬೇಡಿ, ರೆಸ್ಟ್ ತಗೊಳ್ಳಿ’ ಅಂತಾರೆ. ತೋಟ ಗುತ್ತಿಗೆಗೆ ಕೊಡುತ್ತಾರೆ, ಬ್ಯಾಂಕ್ ಕೆಲಸ ಮೊಬೈಲಿನಲ್ಲಿ ತಾವೇ ಮುಗಿಸುತ್ತಾರೆ, ಊಟ ಕ್ಯಾರಿಯರ್‌ನಲ್ಲಿ ಬರುವ ಹಾಗೆ ಮಾಡುತ್ತಾರೆ. ಹಿರಿಯರಿಗೆ ಅದರಲ್ಲಿ ಕೇಳಿಸುವುದು ‘ನೀವು ಇಲ್ಲದಿದ್ದರೂ ಎಲ್ಲ ನಡೆಯುತ್ತದೆ’ ಅಂತ. ‘ನಾನು ನಿಮಗೆಲ್ಲ ಭಾರ’ ಅನ್ನುವ ಮಾತು ಇಲ್ಲಿಂದಲೇ ಹುಟ್ಟುವುದು. ‘ಭಾರ ಏನಿಲ್ಲ ಅಪ್ಪ’ ಅಂತ ನೂರು ಸಲ ಹೇಳಿದರೂ ಅದು ಹೋಗುವುದಿಲ್ಲ. ಅವರಿಂದ ನಿಜವಾಗಿ ಒಂದು ಕೆಲಸ ಆದಾಗ ಹೋಗುತ್ತದೆ.

ನಿಮ್ಮ ಅಪ್ಪ ಗಣಿತದ ಮೇಷ್ಟ್ರು. ಊರಿನಲ್ಲಿ ಎಸ್ಸೆಸ್ಸೆಲ್ಸಿ ಗಣಿತಕ್ಕೆ ಹೆದರುವ ಮಕ್ಕಳು ಇಲ್ಲದ ಮನೆ ಯಾವುದು? ಆದರೆ ನಾಳೆಯೇ ಟ್ಯೂಷನ್ ಶುರು ಮಾಡಿಸಬೇಡಿ. ಖಿನ್ನತೆ ಗಾಢವಾಗಿರುವಾಗ ಹೊರಿಸಿದ ಕೆಲಸ ಸೋಲಾಗುತ್ತದೆ, ಸೋತರೆ ಮನಸ್ಸು ಇನ್ನೂ ಕುಗ್ಗುತ್ತದೆ. ಮೊದಲು ಹತ್ತು ನಿಮಿಷದ್ದು. ಬೆಳಗ್ಗೆ ಎದ್ದು ಬಚ್ಚಲ ಒಲೆ ಹಚ್ಚುವುದು, ತೋಟದ ಬೇಲಿಯವರೆಗೆ ಹೋಗಿ ಬರುವುದು, ಮೊಮ್ಮಗಳಿಗೆ ದಿನಕ್ಕೊಂದು ಲೆಕ್ಕ ಫೋನಿನಲ್ಲಿ ಹೇಳಿಕೊಡುವುದು. ಮನಸ್ಸು ಬಂದ ಮೇಲೆ ಮಾಡುತ್ತೇನೆ ಅಂತಾರೆ. ಮಾಡಿದ ಮೇಲೆ ಮನಸ್ಸು ಬರುತ್ತದೆ, ಕ್ರಮ ಇರುವುದೇ ಹಾಗೆ. ಮಾತ್ರೆ ಹಿಡಿಯಲು ಶುರುವಾದ ಮೇಲೆ ಪಕ್ಕದ ಮನೆಯ ಒಬ್ಬ ಹುಡುಗನನ್ನು ಪುಸ್ತಕ ಕೊಟ್ಟು ಕಳಿಸಿ. ಅವನಿಗೆ ನಿಜವಾಗಿ ಬಾರದ ಲೆಕ್ಕವೇ ಇರಲಿ. ಸುಳ್ಳು ಅಗತ್ಯವನ್ನು ಮೇಷ್ಟ್ರು ತಕ್ಷಣ ಕಂಡುಹಿಡಿಯುತ್ತಾರೆ.

ಇದೆಲ್ಲ ದೊಡ್ಡ ಆಸ್ಪತ್ರೆಯವರು ಮಾತ್ರ ಮಾಡುವಂಥದ್ದಲ್ಲ. ನಮ್ಮ ಪಕ್ಕದ ಗೋವಾದಲ್ಲಿ ಮಾಡಿ ತೋರಿಸಿದ್ದಾರೆ. ಖಿನ್ನತೆಯ ಲಕ್ಷಣಗಳು ಆಗಷ್ಟೇ ಕಾಣಿಸಿಕೊಳ್ಳುತ್ತಿದ್ದ, 60 ದಾಟಿದ 181 ಜನರನ್ನು ಆರಿಸಿಕೊಂಡರು. ಅವರಲ್ಲಿ ಅರ್ಧದಷ್ಟು ಜನರ ಜೊತೆ ತರಬೇತಿ ಪಡೆದ ಸಾಮಾನ್ಯ ಸಮಾಲೋಚಕರು ಕೆಲಸ ಮಾಡಿದರು. ಇವರು ಮನೋವೈದ್ಯರಲ್ಲ. ಎದುರಿಗಿರುವ ಒಂದೊಂದೇ ಸಮಸ್ಯೆಗೆ ದಾರಿ ಹುಡುಕುವುದು, ನಿದ್ದೆ ಸರಿಪಡಿಸುವುದು, ಸಕ್ಕರೆ ಕಾಯಿಲೆಯಂಥವನ್ನು ನೋಡಿಕೊಳ್ಳುವುದು, ಸರ್ಕಾರಿ ಸವಲತ್ತು ಕೊಡಿಸಲು ನೆರವಾಗುವುದು. ಒಂದು ವರ್ಷದ ಮೇಲೆ ನೋಡಿದರೆ ಈ ಗುಂಪಿನಲ್ಲಿ 4 ಜನರಿಗೆ ಪೂರ್ಣ ಖಿನ್ನತೆ ಬಂದಿತ್ತು, ಎಂದಿನ ಆರೈಕೆಯಷ್ಟೇ ಸಿಕ್ಕ ಇನ್ನೊಂದು ಗುಂಪಿನಲ್ಲಿ 13 ಜನರಿಗೆ. 2019ರಲ್ಲಿ ಪ್ರಕಟವಾದ ಈ ಫಲಿತಾಂಶ ನನಗೆ ಬಹಳ ಧೈರ್ಯ ಕೊಟ್ಟಿದೆ. ಪಿಂಚಣಿ ಸರಿಯಾಗಿ ಬರುವ ಹಾಗೆ ಮಾಡುವುದೂ ಚಿಕಿತ್ಸೆಯ ಭಾಗವೇ.

ಅಮ್ಮನ ಬಗ್ಗೆ ಅಪ್ಪನ ಹತ್ತಿರ ಮಾತಾಡಿ. ನೆನಪು ಮಾಡಿದರೆ ದುಃಖ ಅಂತ ಎಲ್ಲರೂ ಅಮ್ಮನ ಹೆಸರೇ ಎತ್ತದೆ ಇರುತ್ತಾರೆ. ಆಗ ಅಪ್ಪ ಆ ನೆನಪಿನ ಜೊತೆ ಒಬ್ಬರೇ ಆಗಿಬಿಡುತ್ತಾರೆ. ಇನ್ನು ಮೂರು ತಿಂಗಳಿಗೆ ವರ್ಷಾಂತಿಕ ಬರುತ್ತದೆ ಅಲ್ವಾ? ಆ ದಿನ, ಅದರ ಹಿಂದಿನ ವಾರ, ಮುಖ್ಯವಾಗಿ ನೆಂಟರೆಲ್ಲ ಹೋದ ಮೇಲಿನ ವಾರ, ತುಂಬ ಜೋಪಾನ. ಎಷ್ಟೋ ಜನ ‘ವರ್ಷ ಮುಗಿಸಿಬಿಟ್ಟರೆ ನನ್ನ ಕರ್ತವ್ಯ ಮುಗೀತು’ ಅಂತ ಒಳಗೇ ಲೆಕ್ಕ ಹಾಕಿಕೊಂಡಿರುತ್ತಾರೆ. ಆಗ ನೀವೋ ಅಣ್ಣನೋ ಕನಿಷ್ಠ ಹದಿನೈದು ದಿನ ಅಲ್ಲೇ ಇರಿ. ವರ್ಷಾಂತಿಕದ ಆಚೆಗೊಂದು ಕೆಲಸವನ್ನು ಅಪ್ಪನ ತಲೆಯಲ್ಲಿ ಈಗಲೇ ಇಡಿ. ಸಸಿ ನೆಡಿಸುವುದೋ, ಮೊಮ್ಮಗಳನ್ನು ಬೇಸಿಗೆ ರಜೆಗೆ ಒಂದು ತಿಂಗಳು ಅವರ ಹತ್ತಿರ ಬಿಡುವುದೋ, ಯಾವುದಾದರೂ.

ಈ ಪತ್ರದಲ್ಲಿ ಇಲ್ಲದ ಒಂದು ವಿಷಯವನ್ನೂ ಇಲ್ಲೇ ಹೇಳಬೇಕು, ಇದನ್ನು ಓದುವ ಬೇರೆಯವರಿಗೆ ಬೇಕಾಗಬಹುದು. ಕೆಲವು ಹಿರಿಯರಿಗೆ ಬದುಕು ಬೇಡ ಅನ್ನಿಸುವುದು ಮನೆಯೊಳಗಿನ ಬೈಗುಳ, ಹೊಡೆತ, ಉಪವಾಸದಿಂದ. ಅಲ್ಲಿ ಖಿನ್ನತೆಯ ಮಾತ್ರೆಯೊಂದೇ ಸಾಲದು. ಹಿರಿಯರ ಸಹಾಯವಾಣಿ 14567 ಇದೆ, ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ. 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಬಹುದು. ಕೊನೆಯವರೆಗೆ ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ವಾಪಸ್ ಪಡೆಯಲೂ ಅದರಲ್ಲಿ ದಾರಿ ಇದೆ.

ಬೆಂಗಳೂರಿಗೆ ಕರೆತರಲಾ ಅಂತ ಕೇಳಿದ್ದೀರಿ. ಜೀವಕ್ಕೆ ಅಪಾಯ ಇದೆ ಅಂತ ಕಂಡರೆ ಎರಡನೇ ಮಾತಿಲ್ಲ. ಅವರು ಎಲ್ಲೇ ಇರಲಿ, ಜೊತೆಗೆ ಜನ ಬೇಕು. ಊರಿನಲ್ಲಿ ಅದು ಸಾಧ್ಯವಿಲ್ಲದಿದ್ದರೆ ಕರೆತನ್ನಿ. ಆದರೆ ‘ಇನ್ನು ಅಲ್ಲೇ ಇರಿ, ಮನೆ ಮುಚ್ಚೋಣ’ ಅನ್ನಬೇಡಿ. ಚಿಕಿತ್ಸೆಗೆ ಎರಡು ತಿಂಗಳು ಅಂತ ಹೇಳಿ, ವಾಪಸ್ ಹೋಗುವುದು ಯಾವಾಗ ಅಂತ ಅವರ ಎದುರಿಗೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಐವತ್ತು ವರ್ಷದ ಊರು, ಸೊಸೈಟಿ, ದೇವಸ್ಥಾನ, ‘ಮೇಷ್ಟ್ರೇ’ ಅಂತ ಕರೆಯುವ ಜನ, ಇವನ್ನೆಲ್ಲ ಬಿಡಿಸಿ ತಂದು, ಹಗಲೆಲ್ಲ ಎಲ್ಲರೂ ಆಫೀಸಿಗೆ ಹೋಗುವ ಫ್ಲಾಟಿನಲ್ಲಿ ಟಿವಿ ಮುಂದೆ ಕೂರಿಸಿದರೆ ಒಂಟಿತನ ಊರಿನದ್ದಕ್ಕಿಂತ ಹೆಚ್ಚಾಗುತ್ತದೆ. ಎಲ್ಲಿ ಇರಬೇಕು ಅನ್ನುವ ಶಾಶ್ವತ ತೀರ್ಮಾನವನ್ನು ಖಿನ್ನತೆ ಇಳಿದ ಮೇಲೆ ಅಪ್ಪನೇ ಮಾಡಲಿ.

ಅಣ್ಣನ ಜೊತೆ ಜಗಳ ಆಡಬೇಡಿ. ದೂರ ಇರುವವರು ‘ಏನಿಲ್ಲ’ ಅನ್ನುವುದು ಹೆಚ್ಚಾಗಿ ಹೆದರಿಕೆಯಿಂದ. ಈ ಉತ್ತರವನ್ನು ಓದಿಸಿ, ಅವರಿಗೂ ಒಂದು ಖಚಿತ ಕೆಲಸ ಕೊಡಿ. ವಾರಕ್ಕೆ ಎರಡು ದಿನ, ಗೊತ್ತಾದ ಹೊತ್ತಿಗೆ ಫೋನ್. ‘ಊಟ ಆಯ್ತಾ’ದಲ್ಲಿ ಮುಗಿಸದೆ, ತೋಟದ ಲೆಕ್ಕವನ್ನೋ ಮಗನ ಓದಿನ ವಿಷಯವನ್ನೋ ಅಪ್ಪನ ಹತ್ತಿರ ಕೇಳಿ, ಅವರು ಹೇಳಿದ ಹಾಗೆ ಮಾಡಿ, ಏನಾಯಿತು ಅಂತ ಮುಂದಿನ ಫೋನಿನಲ್ಲಿ ಹೇಳಲಿ.

ಇನ್ನೊಂದು ವಿಷಯ. ಒಂಬತ್ತು ತಿಂಗಳ ಹಿಂದೆ ನೀವೂ ಅಮ್ಮನನ್ನು ಕಳೆದುಕೊಂಡಿದ್ದೀರಿ. ಪತ್ರದಲ್ಲಿ ಅಪ್ಪನ ನಿದ್ದೆ, ಅಪ್ಪನ ಎದೆಯುರಿ ಇದೆ, ನಿಮ್ಮದು ಒಂದು ಸಾಲೂ ಇಲ್ಲ. 14416ಕ್ಕೆ ಫೋನ್ ಮಾಡಿದಾಗ ನಿಮ್ಮ ವಿಷಯವನ್ನೂ ಹೇಳಿ. ಊರಿಗೆ ಹೋಗುವಾಗ ಸಾಧ್ಯವಾದರೆ ಗಂಡನನ್ನೋ ಗೆಳತಿಯನ್ನೋ ಜೊತೆಗೆ ಕರೆದುಕೊಂಡು ಹೋಗಿ. ಅಪ್ಪನ ಜೊತೆ ಆ ಮಾತು ಆಡಿದ ಸಂಜೆ ನಿಮಗೂ ಒಬ್ಬರು ಬೇಕಾಗುತ್ತಾರೆ. ಡಾಕ್ಟರನ್ನು ಕಂಡ ಮೇಲೆ ಏನಾಯಿತು ಅಂತ ನನಗೆ ಬರೆಯಿರಿ, ಮಾತ್ರೆಯ ಹೆಸರು, ಪ್ರಮಾಣ ಸಮೇತ.